ಮೂರು ಬೋಲ್ಟು, ಒಂದು ಗೋಡೆ: ಮನೆಯಲ್ಲೇ ಹೆಡ್‌ಲೈಟ್ ಬದಲಾಯಿಸೋದು ಹೇಗೆ?

ನಾವು ಮೂರು ಜನ. ಒಬ್ಬ ಶಿರಸಿಯವನು, ಒಬ್ಬ ಸಿದ್ದಾಪುರದವನು, ಇನ್ನೊಬ್ಬ ಯಲ್ಲಾಪುರದವನು. ಹಾಸ್ಟೆಲಲ್ಲಿ ನಮ್ಮನ್ನ ಎಲ್ಲರೂ ಕರೆಯೋದು 'ಘಟ್ಟದ ಮೇಲಿನ ಪಾರ್ಟಿ' ಅಂತ. ಈ ಸಲ ದೀಪಾವಳಿ ರಜೆಗೆ, ಅಂದ್ರೆ ನಮ್ಮ ಕಡೆಯ ದೊಡ್ಡಹಬ್ಬಕ್ಕೆ, ಮೂರೂ ಜನ ಸಿದ್ದಾಪುರದವನ ಮನೆ ಸೇರಿದ್ವಿ. ಅಲ್ಲಿ ಅಂಗಳದಲ್ಲಿ ಒಂದು ಹಳೇ ಸಣ್ಣ ಕಾರು ಒಂದೇ ಕಣ್ಣು ಬಿಟ್ಕೊಂಡು ನಿಂತಿತ್ತು.

ಆಗಿದ್ದು ಇಷ್ಟು. ಸೆಪ್ಟೆಂಬರ್ ಮಳೆಯಲ್ಲಿ ಒಂದು ರಾತ್ರಿ ಮನೆಗೆ ಬರುವಾಗ ಅಪ್ಪಯ್ಯಂಗೆ ದಣಪೆಯ ಬಿದಿರು ಗಳ ಕಾಣಲಿಲ್ಲ. ಎಡಗಡೆ ಹೆಡ್‌ಲೈಟ್ ಒಡೆದುಹೋಯ್ತು. ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಟೇಪ್ ಸುತ್ತಿ ಎರಡು ತಿಂಗಳು ಹಾಗೇ ಓಡಿಸಿದ್ರು. ಹಗಲು ಏನೂ ತೊಂದರೆ ಇರಲಿಲ್ಲ. ಆದರೆ ಮನೇಲಿ ಅಜ್ಜಿಗೆ ಉಬ್ಬಸ ಇದೆ. ನಡುರಾತ್ರಿ ಉಸಿರು ಕಟ್ಟಿದ್ರೆ ಶಿರಸಿಗೇ ಕರ್ಕೊಂಡು ಹೋಗಬೇಕು. ದಾರಿಯಲ್ಲಿ ಬೀದಿದೀಪ ಇಲ್ಲ, ತಿರುವಿಗೊಂದು ದನ ಮಲಗಿರುತ್ತೆ. "ಎರಡನೇ ವರ್ಷ ಇಂಜಿನಿಯರಿಂಗ್ ಓದ್ತಾ ಇದ್ದೀರಿ, ಇದೊಂದು ಲೈಟ್ ಹಾಕೂಕೆ ಆಗ್ತಿಲ್ಯಾ?" ಅಂತ ಆಯಿ ಕೇಳಿದ ಮೇಲೆ ನಮಗೆ ಮರ್ಯಾದೆ ಪ್ರಶ್ನೆ ಆಯ್ತು.

ಹಾಕಿದ್ವಿ. ಒಂದೂವರೆ ಗಂಟೆಯಲ್ಲಿ ಹಾಕಿದ್ವಿ. ಆಮೇಲೆ ಗೊತ್ತಾಯ್ತು, ನಾವು ಮಾಡಿದ್ದು ಅರ್ಧ ಕೆಲಸ ಮಾತ್ರ ಅಂತ. ಉಳಿದರ್ಧದ ಬಗ್ಗೆ ಹೇಳೋದಕ್ಕೇ ಈ ಲೇಖನ. ಆದರೂ ಮೊದಲಿಂದ ಶುರು ಮಾಡೋಣ.

ಬದಲಾಯಿಸಲೇಬೇಕಾ?

ಹೆಡ್‌ಲೈಟ್ ಮಂಕಾಗಿದೆ ಅಂದ ತಕ್ಷಣ ಹೊಸದು ತರಬೇಡಿ. ಮಂಕಾಗೋಕೆ ಕಾರಣ ಬೇರೆ ಬೇರೆ ಇರುತ್ತೆ.

ಮೊದಲನೇದು ಹೊರಗಿನ ಲೆನ್ಸ್. ಇದು ಈಗ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಕಲ್ಲು ಬಡಿದ್ರೂ ಸುಲಭಕ್ಕೆ ಒಡೆಯಲ್ಲ, ಆದರೆ ಬಿಸಿಲಿನ ನೇರಳಾತೀತ ಕಿರಣ ತಡೆಯೋ ಶಕ್ತಿ ಇದಕ್ಕೆ ಕಡಿಮೆ. ಅದಕ್ಕೇ ಕಂಪನಿಯವರು ಮೇಲೊಂದು ತೆಳು ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದ ಮೇಲೆ ಲೆನ್ಸ್ ಹಳದಿ ತಿರುಗುತ್ತೆ. ಇಷ್ಟೇ ತೊಂದರೆ ಆದ್ರೆ 1000, 2000, 3000 ನಂಬರಿನ ಮರಳು ಕಾಗದದಲ್ಲಿ ನೀರು ಹಾಕ್ತಾ ಉಜ್ಜಿ, ಪಾಲಿಶ್ ಮಾಡಿ, ಮತ್ತೆ ಯುವಿ ತಡೆಯೋ ಲೇಪ ಕೊಟ್ರೆ ಸಾಕು. ಕೊನೇ ಲೇಪ ಬಿಟ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ಆಗುತ್ತೆ. ಪೇಸ್ಟ್ ಹಚ್ಚಿ ಉಜ್ಜೋ ವಿಡಿಯೊಗಳಲ್ಲಿ ಇದನ್ನ ಹೇಳೋದು ಕಮ್ಮಿ.

ಎರಡನೇದು ವೈರಿಂಗ್. ನಮ್ಮ ಕಾರಿನ ಬಲಗಡೆ ಲೈಟ್ ಒಡೆದಿರಲಿಲ್ಲ, ಆದರೂ ಮಂಕಾಗಿತ್ತು. ಇಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ ಮಲ್ಟಿಮೀಟರ್ ಹಿಡಿದ್ವಿ. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಕನೆಕ್ಟರ್ ಹತ್ರ 12.4 ವೋಲ್ಟ್. 1.4 ವೋಲ್ಟ್ ದಾರಿಯಲ್ಲೇ ಕಳೆದುಹೋಗ್ತಿತ್ತು. 'ಬರೀ ಶೇ. 10 ತಾನೇ' ಅನ್ನಿಸಬಹುದು. ಆದರೆ ತಂತಿ ಕಾದು ಬೆಳಗೋ ಬಲ್ಬಿನ ಬೆಳಕು ವೋಲ್ಟೇಜಿನ ಹೆಚ್ಚುಕಮ್ಮಿ 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತೆ. 0.9ರ 3.4ನೇ ಘಾತ ಅಂದ್ರೆ 0.7. ಶೇ. 10 ವೋಲ್ಟೇಜ್ ಹೋದ್ರೆ ಶೇ. 30 ಬೆಳಕು ಹೋಯ್ತು! ಹುಡುಕಿದಾಗ ಸಿಕ್ಕಿದ್ದು ಬಾಡಿಗೆ ಅರ್ಥಿಂಗ್ ಕೊಡೋ ಬೋಲ್ಟಿನ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ವಿ, ಬಲಗಡೆ ಲೈಟ್ ಖರ್ಚಿಲ್ಲದೆ ಸರಿಯಾಯ್ತು. ದಣಪೆ ಕಾಣದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಮೂರನೇದು ಒಳಗಿನ ರಿಫ್ಲೆಕ್ಟರ್. ಇದು ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಮ್ಮಿನ ಬಹಳ ತೆಳುವಾದ ಪದರ. ನೀರು ಹೊಕ್ಕು ಇದು ಸಿಪ್ಪೆ ಏಳೋಕೆ ಶುರುವಾದ್ರೆ ಮನೇಲಿ ರಿಪೇರಿ ಇಲ್ಲ. ಬೆರಳಲ್ಲಿ ಒರೆಸಿದ್ರೆ ಇದ್ದಿದ್ದೂ ಹೋಗುತ್ತೆ. ನಮ್ಮ ಎಡಗಡೆ ಲೈಟಿನ ಲೆನ್ಸ್ ಒಡೆದಿತ್ತು, ರಿಫ್ಲೆಕ್ಟರ್ ಎರಡು ತಿಂಗಳ ನೀರು ಕುಡಿದು ಹಾವಸೆ ಬಣ್ಣಕ್ಕೆ ಬಂದಿತ್ತು, ಹಿಡಿಯೋ ಕಿವಿಯೊಂದು ಮುರಿದಿತ್ತು. ಹಾಗಾಗಿ ಪೂರ್ತಿ ಅಸೆಂಬ್ಲಿಯನ್ನೇ ಬದಲಾಯಿಸೋದು ಅಂತ ತೀರ್ಮಾನ ಮಾಡಿದ್ವಿ.

ಯಾವ ಎಡ?

ಶಿರಸಿಯ ಅಂಗಡಿಯಲ್ಲಿ ನಮ್ಮ ಮಾಡೆಲ್‌ದು ಇರಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿ ಬಸ್ಸಲ್ಲಿ ಪಾರ್ಸೆಲ್ ತರಿಸೋದು ಅಂತಾಯ್ತು. ನಮ್ಮಲ್ಲೊಬ್ಬ ಕಾರಿನ ಎದುರು ನಿಂತ್ಕೊಂಡು, ಒಡೆದ ಲೈಟಿನ ಕಡೆ ನೋಡ್ತಾ, ಫೋನಲ್ಲಿ "ರೈಟ್ ಸೈಡ್" ಅಂದ. ಮಾರನೇ ದಿನ ಬಂದಿದ್ದು ಬಲಗಡೆಯ ಲೈಟೇ! ಅವರದೇನೂ ತಪ್ಪಿಲ್ಲ. ವಾಹನದ ಎಡ-ಬಲ ಯಾವತ್ತೂ ಡ್ರೈವರ್ ಸೀಟಲ್ಲಿ ಕೂತು ನೋಡಿದ ಎಡ-ಬಲ. ಗ್ಯಾರೇಜಿನವರು ಈ ಗೊಂದಲಕ್ಕೆ ಮೊದಲೇ ಪರಿಹಾರ ಕಂಡ್ಕೊಂಡಿದ್ದಾರೆ. ಅವರು ಕೇಳೋದೇ "ಡ್ರೈವರ್ ಸೈಡಾ, ಕ್ಲೀನರ್ ಸೈಡಾ?" ಅಂತ. ನೀವೂ ಹಾಗೇ ಹೇಳಿ. ಮಾಡೆಲ್ ಜೊತೆ ತಯಾರಾದ ವರ್ಷ, ತಿಂಗಳು ಕೂಡ ಹೇಳಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದ್ರೆ ಲೈಟಿನ ಆಕಾರವೂ ಬದಲಾಗಿರಬಹುದು.

ಇನ್ನೊಂದು ವಿಷಯ. ಬೇರೆ ದೇಶದ ಲೈಟು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ರೂ ತಗೋಬೇಡಿ. ನಾವು ರಸ್ತೆಯ ಎಡಗಡೆ ಓಡಿಸೋರು. ನಮ್ಮ ಲೈಟಿನ ಡಿಪ್ ಬೆಳಕು ಬಲಗಡೆ ತಗ್ಗಿರುತ್ತೆ, ಎಡಗಡೆ ಸ್ವಲ್ಪ ಮೇಲೇರಿರುತ್ತೆ. ಎದುರು ಬರೋರು ಬಲಗಡೆ ಇರ್ತಾರೆ, ಅವರ ಕಣ್ಣಿಗೆ ಬೀಳಬಾರದು. ಎಡ ಅಂಚಲ್ಲಿ ನಡೆಯೋರು ಮಾತ್ರ ದೂರದಿಂದಲೇ ಕಾಣಬೇಕು. ಬಲಗಡೆ ಓಡಿಸೋ ದೇಶದ ಲೈಟು ಹಾಕಿದ್ರೆ ಇದೆಲ್ಲ ಉಲ್ಟಾ ಆಗುತ್ತೆ.

ಬಿಚ್ಚೋದು

ನಾವು ಬಳಸಿದ ಸಾಮಾನು: 10 ಎಂಎಂ ಸಾಕೆಟ್, ಸ್ಟಾರ್ ಸ್ಕ್ರೂಡ್ರೈವರ್, ಮರಳು ಕಾಗದ, ಹಳೇ ಪಂಚೆ, ತೆಳ್ಳಗೆ ಸೀಳಿದ ಅಡಿಕೆ ದಬ್ಬೆ ಒಂದು ತುಂಡು, ಎರಡು ತೆಂಗಿನ ಗರಟೆ. ದಬ್ಬೆ ಯಾಕೆ ಅಂದ್ರೆ, ಬಂಪರಿನ ಸಂದಿಗೆ ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಬಣ್ಣ ಕೆತ್ತಿ ಬರುತ್ತೆ. ದಬ್ಬೆ ಗಟ್ಟಿ ಇರುತ್ತೆ, ಬಣ್ಣ ಕೆರೆಯಲ್ಲ. ಗರಟೆ ಬೋಲ್ಟ್ ಹಾಕಿಡೋಕೆ: ಮೇಲಿನ ಬೋಲ್ಟ್ ಒಂದರಲ್ಲಿ, ಬಂಪರಿನದ್ದು ಇನ್ನೊಂದರಲ್ಲಿ. ಉದ್ದ ಬೇರೆ ಬೇರೆ ಇರುತ್ತೆ, ಅದಲು ಬದಲು ಆದ್ರೆ ಕಷ್ಟ.

ಕೆಲಸದ ಕ್ರಮ ಹೀಗೆ.

1. ಇಂಜಿನ್ ಆಫ್ ಮಾಡಿ. ಲೈಟ್ ಉರಿದಿದ್ರೆ ಹತ್ತಿಪ್ಪತ್ತು ನಿಮಿಷ ಆರೋಕೆ ಬಿಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಬದಿಗಿಡಿ.

2. ಮುಟ್ಟೋಕೆ ಮುಂಚೆ ನಾಲ್ಕು ಕಡೆಯಿಂದ ಫೋಟೊ ತೆಗೀರಿ. ವಾಪಸ್ ಜೋಡಿಸುವಾಗ 'ಈ ವೈರು ಮೇಲಿಂದ ಹೋಗಿತ್ತೋ ಕೆಳಗಿಂದಲೋ' ಅನ್ನೋ ಜಗಳ ಇರಲ್ಲ.

3. ಬಾನೆಟ್ ಎತ್ತಿದ್ರೆ ಲೈಟಿನ ಮೇಲ್ಭಾಗದ ಎರಡು ಬೋಲ್ಟ್ ಕಾಣುತ್ತೆ. ಮೂರನೇದು ನಮ್ಮ ಕಾರಲ್ಲಿ ಬಂಪರಿನ ಹಿಂದೆ ಅಡಗಿತ್ತು. ಅದು ಕಾಣದೇ ಎಳೆದಾಡೋದ್ರಿಂದಲೇ ಬಹಳ ಜನ ಲೈಟ್ ಮುರ್ಕೋತಾರೆ. ಮೂರು ಬೋಲ್ಟೋ ನಾಲ್ಕೋ, ಅವು ಎಲ್ಲಿರುತ್ತೆ ಅನ್ನೋದು ಕಾರಿಂದ ಕಾರಿಗೆ ಬದಲಾಗುತ್ತೆ. ಬರ್ತಾ ಇಲ್ಲ ಅಂದ್ರೆ ಇನ್ನೊಂದು ಬೋಲ್ಟ್ ಇದೆ ಅಂತಲೇ ಅರ್ಥ. ಬಲ ಹಾಕಬೇಡಿ, ಹುಡುಕಿ.

4. ಬಂಪರ್ ಪೂರ್ತಿ ತೆಗೆಯೋದು ಬೇಕಾಗಲಿಲ್ಲ. ಚಕ್ರದ ಗೂಡಿನ ಒಳಗಿನ ಸ್ಕ್ರೂ ತೆಗೆದು, ಪ್ಲಾಸ್ಟಿಕ್ ಕ್ಲಿಪ್ಪುಗಳ ನಡುವಿನ ಪಿನ್ ಬಿಡಿಸಿ, ಆ ಮೂಲೆಯನ್ನ ಮಾತ್ರ ಸಡಿಲ ಮಾಡಿದ್ವಿ. ಒಬ್ಬ ಬಂಪರ್ ಹಿಡ್ಕೊಂಡಿದ್ದ, ಇಲ್ದಿದ್ರೆ ಅದರ ಭಾರಕ್ಕೆ ಉಳಿದ ಕ್ಲಿಪ್ಪುಗಳು ಮುರಿಯುತ್ತೆ.

5. ಲೈಟನ್ನ ನಿಧಾನಕ್ಕೆ ಮುಂದೆ ತಂದು, ಹಿಂದಿನ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೀಬೇಡಿ. ಇಂಡಿಕೇಟರ್, ಪಾರ್ಕಿಂಗ್ ಬಲ್ಬಿನ ಹೋಲ್ಡರುಗಳು ಸ್ವಲ್ಪ ತಿರುಗಿಸಿದ್ರೆ ಬರುತ್ತೆ.

ನಮ್ಮ ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಮರಳು ಕಾಗದವನ್ನ ಕಡ್ಡಿಯಂತೆ ಸುತ್ತಿ ಹಗುರಕ್ಕೆ ಉಜ್ಜಿ, ಒಣಗಿಸಿದ್ವಿ. ಹೊಸ ಲೈಟಿಗೆ ತುಕ್ಕು ಹಿಡಿದ ಕನೆಕ್ಟರ್ ಹಾಕೋದು ಹೊಸ ಪಂಪಿಗೆ ತೂತಾದ ಪೈಪ್ ಹಾಕಿದ ಹಾಗೆ.

ಬಲ್ಬು: ಕೈ ಮುಟ್ಟಬೇಡಿ, ವ್ಯಾಟ್ ಏರಿಸಬೇಡಿ

ನಮ್ಮ ದೇಶದ ಅನೇಕ ಸಣ್ಣ ಕಾರುಗಳಲ್ಲಿ ಇರೋದು ಎಚ್-4 ಅನ್ನೋ ಹ್ಯಾಲೊಜೆನ್ ಬಲ್ಬು. ಒಂದೇ ಬಲ್ಬಲ್ಲಿ ಎರಡು ತಂತಿ: ಹೈ ಬೀಮಿಗೆ 60 ವ್ಯಾಟ್, ಡಿಪ್ಪಿಗೆ 55 ವ್ಯಾಟ್. ಡಿಪ್ ತಂತಿಯ ಕೆಳಗೆ ಲೋಹದ ಒಂದು ಪುಟ್ಟ ದೊನ್ನೆ ಇರುತ್ತೆ. ಇದು ಆ ತಂತಿಯ ಬೆಳಕು ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬೀಳದ ಹಾಗೆ ತಡೆಯುತ್ತೆ. ಕೆಳಗಿನ ಅರ್ಧಕ್ಕೆ ಬಿದ್ದ ಬೆಳಕೇ ಮೇಲಕ್ಕೆ, ಅಂದ್ರೆ ಎದುರಿನವರ ಕಣ್ಣಿಗೆ ಹೋಗ್ತಾ ಇದ್ದಿದ್ದು. ಡಿಪ್ ಹಾಕಿದಾಗ ಗೋಡೆ ಮೇಲೆ 'ಇಲ್ಲಿಂದ ಮೇಲೆ ಕತ್ತಲೆ' ಅಂತ ಗೆರೆ ಎಳೆದ ಹಾಗೆ ಕಾಣೋದು ಈ ದೊನ್ನೆಯಿಂದ.

ಈಗ ಎಲ್ರೂ ಕೇಳೋ ಪ್ರಶ್ನೆ: ಎಚ್-4 ಜಾಗಕ್ಕೆ ಎಲ್‌ಇಡಿ ಬಲ್ಬು ಹಾಕಿದ್ರೆ? ರಿಫ್ಲೆಕ್ಟರಿನ ಆಕಾರ ಲೆಕ್ಕ ಹಾಕಿರೋದು ಆ ತಂತಿ ಇರೋ ಜಾಗಕ್ಕೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದ್ರೂ ಆ ಗೆರೆ ಕೆಡುತ್ತೆ. ಕೂತವನಿಗೆ ಬೆಳ್ಳಗೆ ಕಾಣುತ್ತೆ, ಎದುರಿನವನಿಗೆ ಏನೂ ಕಾಣಲ್ಲ. ಎಲ್‌ಇಡಿಗೆ ಅಂತಲೇ ವಿನ್ಯಾಸ ಮಾಡಿದ ಹೆಡ್‌ಲೈಟಿನ ಮಾತೇ ಬೇರೆ.

100 ವ್ಯಾಟ್ ಬಲ್ಬು ಹಾಕೋಣ ಅನ್ನೋ ಆಸೆ ನಮಗೂ ಬಂದಿತ್ತು. 12 ವೋಲ್ಟಿಗೆ 60 ವ್ಯಾಟ್ ಅಂದ್ರೆ 5 ಆಂಪಿಯರ್, 100 ವ್ಯಾಟ್ ಅಂದ್ರೆ 8.3 ಆಂಪಿಯರ್. ವೈರಲ್ಲಿ ಹುಟ್ಟೋ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ, ಹಾಗಾಗಿ ಸುಮಾರು 2.8 ಪಟ್ಟು ಬಿಸಿ. ಮೊದಲ ಸೆಮಿಸ್ಟರಿನ ಬೇಸಿಕ್ ಎಲೆಕ್ಟ್ರಿಕಲ್ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು. ಆಸೆ ಬಿಟ್ವಿ.

ಹ್ಯಾಲೊಜೆನ್ ಬಲ್ಬಿನ ಗಾಜನ್ನ ಬರಿಗೈಲಿ ಮುಟ್ಟಬಾರದು. ಉರಿಯುವಾಗ ಅದು ನೂರಾರು ಡಿಗ್ರಿ ಕಾಯುತ್ತೆ. ಬೆರಳಿನ ಜಿಡ್ಡು ಇದ್ದ ಜಾಗ ಇನ್ನೂ ಹೆಚ್ಚು ಕಾದು ಬಲ್ಬು ಬೇಗ ಸಾಯುತ್ತೆ. ನಾವೋ ಹಬ್ಬದ ದಿನ ಎಣ್ಣೆಸ್ನಾನ ಮಾಡಿ ಬಂದೋರು! ಲೋಹದ ಬುಡ ಮಾತ್ರ ಹಿಡ್ಕೊಂಡು ಕೂರಿಸಿದ್ವಿ. ಬುಡದ ಮೂರು ಕಿವಿ ಸರಿಯಾಗಿ ಕೂತಿದೆಯಾ ನೋಡಿ, ತಂತಿ ಕ್ಲಿಪ್ಪು ಹಾಕಿ, ಹಿಂದಿನ ರಬ್ಬರ್ ಟೊಪ್ಪಿಯನ್ನ ಸುತ್ತಲೂ ಒತ್ತಿ ಕೂರಿಸಿ. ಮಲೆನಾಡಲ್ಲಿ ಹೆಡ್‌ಲೈಟ್ ಒಳಗೆ ನೀರು ಹೋಗೋಕೆ ಸಡಿಲಾದ ಈ ಟೊಪ್ಪಿಯೇ ದೊಡ್ಡ ದಾರಿ.

ಹಾಗಂತ ಎಲ್ಲ ತೂತಿಗೂ ಸಿಲಿಕೋನ್ ಹಚ್ಚಿ ಮುಚ್ಚಬೇಡಿ. ಲೈಟಿನ ಹಿಂದೆ ಗಾಳಿಯಾಡೋಕೆ ಅಂತ ಬೇಕಂತಲೇ ಸಣ್ಣ ದಾರಿ ಬಿಟ್ಟಿರುತ್ತಾರೆ. ಒಳಗಿನ ಗಾಳಿ 30 ಡಿಗ್ರಿಯಿಂದ 70 ಡಿಗ್ರಿಗೆ ಕಾದ್ರೆ ಗಾತ್ರ ಶೇ. 13ರಷ್ಟು ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಅಂದ್ರೆ ಹೆಡ್‌ಲೈಟು ಉಸಿರಾಡುತ್ತೆ. ಮಳೆಗಾಲದಲ್ಲಿ ಲೆನ್ಸ್ ಒಳಗೆ ತೆಳ್ಳಗೆ ಮಂಜು ಕೂತು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋದ್ರೆ ಚಿಂತೆ ಇಲ್ಲ. ಹನಿಹನಿಯಾಗಿ ಇಳಿದು ಕೆಳಗೆ ನೀರು ನಿಂತ್ರೆ ಸೋರಿಕೆ ಇದೆ ಅಂತ.

ಜೋಡಿಸೋದು ಬಿಚ್ಚಿದ್ದರ ಉಲ್ಟಾ ಕ್ರಮ. ಮೂರೂ ಬೋಲ್ಟನ್ನ ಮೊದಲು ಕೈಯಲ್ಲೇ ಹತ್ತಿಸಿ, ಬಾನೆಟ್ ಜೊತೆ ಸಂದಿ ಸಮ ಇದೆಯಾ ನೋಡಿ, ಆಮೇಲೆ ಬಿಗಿ ಮಾಡಿ. ಕಿವಿಗಳು ಪ್ಲಾಸ್ಟಿಕ್ ಅನ್ನೋದು ನೆನಪಿರಲಿ.

ಆ ರಾತ್ರಿ

ಸಂಜೆ ಆರೂವರೆಗೆ ಸ್ವಿಚ್ ಹಾಕಿದ್ವಿ. ಎರಡೂ ಲೈಟ್ ಬಂತು! ಅಜ್ಜಿ ಜಗುಲಿಯಿಂದಲೇ "ಅಡ್ಡಿಲ್ಲೆ" ಅಂದ್ರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಅದೇ ಖುಷಿಯಲ್ಲಿ ಶಿರಸಿಗೆ ಹೊರಟ್ವಿ. ಹೊಸ ಲೈಟಿನ ಬೆಳಕು ಮರದ ಟೊಂಗೆವರೆಗೂ ಹೋಗ್ತಿತ್ತು. 'ಎಷ್ಟು ದೂರ ಹೊಡೀತಿದೆ ನೋಡೋ' ಅಂತ ನಾವೇ ಬೆನ್ನು ತಟ್ಕೊಂಡ್ವಿ.

ಕಾನಸೂರು ದಾಟಿದ ಮೇಲೆ ಒಂದು ತಿರುವು. ಎದುರಿಂದ ಒಂದು ಸ್ಕೂಟರ್ ಬಂತು. ನಾವು ಡಿಪ್ಪಲ್ಲೇ ಇದ್ವಿ. ಸ್ಕೂಟರ್ ಒಂದು ಕ್ಷಣ ಓಲಾಡಿ, ರಸ್ತೆ ಬಿಟ್ಟು ಬದಿಯ ಕೆಸರಿಗಿಳಿದು ನಿಂತುಬಿಡ್ತು. ನಾವು ಕಾರ್ ನಿಲ್ಲಿಸಿ ಓಡಿದ್ವಿ. ವಯಸ್ಸಾದ ಯಜಮಾನರು. ಪುಣ್ಯಕ್ಕೆ ಬಿದ್ದಿರಲಿಲ್ಲ, ಪಂಚೆಯೆಲ್ಲ ಕೆಸರಾಗಿತ್ತು. ಎರಡು ಹೆಜ್ಜೆ ಆಚೆ ಕಾಲುವೆ ಇತ್ತು. ಅವರು ಬೈಯಲಿಲ್ಲ. ಕಣ್ಣು ಉಜ್ಕೋತಾ ಇಷ್ಟೇ ಅಂದ್ರು: "ತಮಾ, ಎದುರು ಬರೋರಿಗೂ ರಸ್ತೆ ಕಾಣಬೇಕು ಅಲ್ದಾ?"

"ಡಿಪ್ಪಲ್ಲೇ ಇದ್ವಿ ಅಜ್ಜಾ" ಅಂತ ಹೇಳೋಕೆ ಹೋದ್ವಿ, ಆಮೇಲೆ ಸುಮ್ಮನಾದ್ವಿ. ಅವರ ಸ್ಕೂಟರ್ ಮೇಲಕ್ಕೆ ತಳ್ಳಿಕೊಟ್ಟು, ಪಾರ್ಕಿಂಗ್ ಲೈಟಲ್ಲಿ ನಿಂತೇ ಯೋಚನೆ ಮಾಡಿದ್ವಿ. ಲೈಟ್ ಹಾಕಿದ್ವಿ, ಅದು ಎಲ್ಲಿ ನೋಡ್ತಿದೆ ಅಂತ ನಾವು ನೋಡಿರಲೇ ಇಲ್ಲ. ಎಡ ಲೈಟಿಗೆ ಪಂಚೆ ಮಡಿಚಿ ಮುಚ್ಚೋ ಹಾಗೂ ಇಲ್ಲ, ಕಾಯುತ್ತೆ. ಕೊನೆಗೆ ಆ ಬಲ್ಬಿನ ಕನೆಕ್ಟರ್ ತೆಗೆದು, ಬಲಗಡೆ ಒಂದೇ ಲೈಟಲ್ಲಿ ಇಪ್ಪತ್ತರ ವೇಗದಲ್ಲಿ ಮನೆಗೆ ವಾಪಸ್ ಬಂದ್ವಿ.

ಗೋಡೆ

ಹೊಸ ಅಸೆಂಬ್ಲಿ ಡಬ್ಬಿಯಿಂದ ಬರುವಾಗ ಅದರ ಕೋನ ನಿಮ್ಮ ಕಾರಿಗೆ ಹೊಂದಿಸಿರಲ್ಲ. ಅದಕ್ಕೇ ಹಿಂದೆ ಹೊಂದಿಸೋ ಸ್ಕ್ರೂ ಕೊಟ್ಟಿರುತ್ತಾರೆ: ಸಾಮಾನ್ಯವಾಗಿ ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಗ್ಯಾರೇಜಲ್ಲಿ ಇದಕ್ಕೆ ಉಪಕರಣ ಇರುತ್ತೆ. ಮನೇಲಿ ಒಂದು ಗೋಡೆ, 10 ಮೀಟರ್ ಜಾಗ, ಸೀಮೆಸುಣ್ಣ ಸಾಕು.

ಮೊದಲು ತಯಾರಿ. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿ ಖಾಲಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬ ಕೂತಿರಲಿ. ಡ್ಯಾಶ್‌ಬೋರ್ಡಲ್ಲಿ 0, 1, 2, 3 ಅಂತ ಲೈಟ್ ತಗ್ಗಿಸೋ ಗುಂಡಿ ಇದ್ರೆ 0ಗೆ ಇಡಿ.

ಆಮೇಲೆ ಕಾರನ್ನ ಗೋಡೆಗೆ ಹತ್ತಿರ ತಂದು, ಎರಡೂ ಲೈಟಿನ ಮಧ್ಯಬಿಂದುವಿಗೆ ನೇರ ಗೋಡೆ ಮೇಲೆ ಒಂದೊಂದು ನಿಂತ ಗೆರೆ ಎಳೀರಿ. ಕಾರನ್ನ ನೆಟ್ಟಗೆ 10 ಮೀಟರ್ ಹಿಂದೆ ತಗೊಳ್ಳಿ. ನೆಲದಿಂದ ಲೈಟಿನ ಮಧ್ಯಕ್ಕೆ ಎಷ್ಟು ಎತ್ತರ ಅಳೀರಿ. ನಮ್ಮದು 65 ಸೆಂ.ಮೀ. ಗೋಡೆ ಮೇಲೆ ಅದೇ ಎತ್ತರಕ್ಕೆ ಒಂದು ಅಡ್ಡ ಗೆರೆ, ಅದರಿಂದ 10 ಸೆಂ.ಮೀ. ಕೆಳಗೆ ಇನ್ನೊಂದು. ಡಿಪ್ಪಿನ ಕತ್ತಲೆ-ಬೆಳಕಿನ ಗಡಿ ಈ ಕೆಳಗಿನ ಗೆರೆ ಮೇಲೆ ಕೂರಬೇಕು. 10 ಮೀಟರಿಗೆ 10 ಸೆಂ.ಮೀ. ಅಂದ್ರೆ ಶೇ. 1 ಇಳಿಜಾರು. ಇದು ಈ ಎತ್ತರದ ಕಾರುಗಳಿಗೆ ಸಾಮಾನ್ಯವಾಗಿ ಒಪ್ಪಿರೋ ಅಳತೆ. ನಿಮ್ಮ ಲೈಟಿನ ಮೇಲೋ ಬಾನೆಟ್ ಕೆಳಗೋ ಬೇರೆ ಅಂಕಿ ಬರೆದಿದ್ರೆ ಅದನ್ನೇ ನಂಬಿ. ಗಡಿ ಎಡಕ್ಕೆ ಮೇಲೇರೋಕೆ ಶುರುವಾಗೋ ಮೊಣಕೈ ಆ ಲೈಟಿನ ನಿಂತ ಗೆರೆಯ ಹತ್ರ ಬರಬೇಕು. ಒಂದು ಲೈಟ್ ನೋಡುವಾಗ ಇನ್ನೊಂದರ ಮುಂದೆ ರಟ್ಟು ನಿಲ್ಲಿಸಿ.

ಕೇಳೋಕೆ ಸುಲಭ. ಆದರೆ ನಮ್ಮೂರಲ್ಲಿ 10 ಮೀಟರ್ ಸಮತಟ್ಟು ಜಾಗ ಎಲ್ಲಿದೆ? ಇದ್ದಿದ್ದೊಂದೇ, ಅಡಿಕೆ ಒಣಗಿಸೋ ಅಂಗಳ. ನೋಡೋಕೆ ಸಮ ಕಾಣುತ್ತೆ, ಆದರೆ ಮಳೆನೀರು ಹೋಗಲಿ ಅಂತ ಗೋಡೆ ಕಡೆಗೆ ತಗ್ಗು ಕೊಟ್ಟಿರುತ್ತಾರೆ. ಇಲ್ಲಿ ಯಲ್ಲಾಪುರದವನ ತಲೆ ಓಡ್ತು. ಗಾರೆ ಕೆಲಸದವರು ಮಟ್ಟ ನೋಡೋ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿ ಹಿಡಿದ್ವಿ. ನಾಲ್ಕೂ ಚಕ್ರ ನಿಂತ ಜಾಗ ಸಮ ಇತ್ತು. ಗೋಡೆಯ ಬುಡ ಮಾತ್ರ 6 ಸೆಂ.ಮೀ. ತಗ್ಗಲ್ಲಿತ್ತು.

6 ಸೆಂ.ಮೀ. ಏನು ಮಹಾ ಅಂತೀರಾ? ಗೋಡೆ ಬುಡದಿಂದಲೇ ಅಳೆದಿದ್ರೆ ನಮ್ಮ ಇಳಿಜಾರು 10ರ ಬದಲು 16 ಸೆಂ.ಮೀ. ಆಗ್ತಿತ್ತು. ಶೇ. 1 ಇಳಿಜಾರಿಗೆ ಬೆಳಕಿನ ಗಡಿ ನೆಲ ಮುಟ್ಟೋದು 65 ಮೀಟರ್ ದೂರದಲ್ಲಿ. ಶೇ. 1.6ಕ್ಕೆ ಬರೀ 40 ಮೀಟರಲ್ಲಿ.

ಈಗ ಬ್ರೇಕಿನ ಲೆಕ್ಕ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ 16.7 ಮೀಟರ್. ದನ ಕಂಡು ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಂಡ್ರೆ ಅಷ್ಟರಲ್ಲಿ 25 ಮೀಟರ್ ಹೋಗಿರುತ್ತೆ. ಒದ್ದೆ ರಸ್ತೆಯಲ್ಲಿ ಸೆಕೆಂಡಿಗೆ 4 ಮೀಟರಿನಂತೆ ವೇಗ ಇಳಿದ್ರೆ ನಿಲ್ಲೋಕೆ ಇನ್ನೂ 35 ಮೀಟರ್. ಒಟ್ಟು 60. ಬೆಳಕು 65 ಮೀಟರ್ ಹೋದ್ರೆ ದನ ಉಳೀತು, ನಾವೂ ಉಳಿದ್ವಿ. ಬೆಳಕು 40 ಮೀಟರಿಗೇ ನಿಂತ್ರೆ 46 ಕಿ.ಮೀ.ಗಿಂತ ಜೋರು ಹೋಗೋ ಹಾಗಿಲ್ಲ. 6 ಸೆಂ.ಮೀ. ಸೀಮೆಸುಣ್ಣದ ಗೆರೆಯ ಬೆಲೆ ಅದು. ಹಾಗಾಗಿ ಅಡ್ಡ ಗೆರೆಯನ್ನ ಗೋಡೆ ಬುಡದಿಂದ ಅಳೀದೆ, ಕಾರು ನಿಂತ ಮಟ್ಟದಿಂದ ಪೈಪಿನಲ್ಲಿ ತಂದು ಎಳೆದ್ವಿ.

ಇನ್ನು ಮೇಲಕ್ಕೆ ತಪ್ಪಿದ್ರೆ? ಆ ರಾತ್ರಿ ನಮ್ಮ ಎಡ ಲೈಟಿನ ಗಡಿ ಎಲ್ಲಿತ್ತು ಅಂತ ಸ್ಕ್ರೂ ಮುಟ್ಟೋಕೆ ಮುಂಚೆ ನೋಡಿದ್ವಿ. ಲೈಟಿನ ಮಟ್ಟಕ್ಕಿಂತ 20 ಸೆಂ.ಮೀ. ಮೇಲೆ. 10 ಮೀಟರಿಗೆ 20 ಸೆಂ.ಮೀ. ಏರಿದ್ರೆ 40 ಮೀಟರಿಗೆ 80 ಸೆಂ.ಮೀ. ಏರುತ್ತೆ. 65ಕ್ಕೆ 80 ಸೇರಿಸಿ: 145 ಸೆಂ.ಮೀ. ಸ್ಕೂಟರ್ ಮೇಲೆ ಕೂತವರ ಕಣ್ಣು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿದ್ವಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದಕ್ಕೇ ಇದೆ. ಲೈಟಿನ ಮುಂದೆ 8 ಮೀಟರ್ ದೂರ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರ: ಅಲ್ಲಿ ಕಣ್ಣಿರೋರಿಗೆ ಕಣ್ಣು ಕುಕ್ಕದ ಹಾಗೆ ಬೆಳಕು ತಗ್ಗಿರಬೇಕು. ಒಳ್ಳೇ ನಿಯಮವೇ. ಆದರೆ ನಮ್ಮ ತಪ್ಪು ಲೈಟಿಗೆ ಲೆಕ್ಕ ಹಾಕಿ ನೋಡಿ. 8 ಮೀಟರಲ್ಲಿ ಅದರ ಗಡಿ ಇದ್ದಿದ್ದು 81 ಸೆಂ.ಮೀ. ಎತ್ತರದಲ್ಲಿ. ಆ ಒಂದು ಬಿಂದುವಿನ ಪರೀಕ್ಷೆಯಲ್ಲಿ ನಾವು ಆರಾಮಾಗಿ ಪಾಸು! ಕಾನಸೂರಿನ ತಿರುವಲ್ಲಿ ಫೇಲು. ನಿಯಮ ಪಾಲಿಸಿದ್ರೆ ಸಾಕಾಗಲ್ಲ, ಗೋಡೆ ಮುಂದೆ ನಿಲ್ಲಲೇಬೇಕು ಅಂತ ನಾವು ಹೇಳೋದು ಇದಕ್ಕೆ.

ಸ್ಕ್ರೂ ನಾಲ್ಕೈದು ಸುತ್ತು ತಿರುಗಿಸಿದ್ವಿ. ಗಡಿ ಇಳಿದು ಬಂದು ಗೆರೆ ಮೇಲೆ ಕೂತ್ಕೊಂಡ್ತು. ಹದಿನೈದು ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ.

ಮೂಟೆ, ಮಂಜು, ಘಟ್ಟ

ಒಂದು ಸಲ ಹೊಂದಿಸಿದ್ರೆ ಮುಗೀತು ಅಂತಲ್ಲ. ಕೊನೆ ಕೊಯ್ಲು ಮುಗಿದು ಡಿಕ್ಕಿಗೆ ಅಡಿಕೆ ಮೂಟೆ ತುಂಬಿದ್ರೆ ಕಾರಿನ ಹಿಂಭಾಗ ಕುಸಿದು ಮೂಗು ಏಳುತ್ತೆ, ಜೊತೆಗೆ ಬೆಳಕೂ ಏಳುತ್ತೆ. ಆ 0, 1, 2, 3 ಗುಂಡಿ ಇರೋದೇ ಇದಕ್ಕೆ. ಭಾರ ಹೆಚ್ಚಾದಂತೆ ಅಂಕಿ ಹೆಚ್ಚಿಸಿ, ಬೆಳಕು ತಗ್ಗುತ್ತೆ. ಅಪ್ಪಯ್ಯ ಹನ್ನೆರಡು ವರ್ಷದಿಂದ ಆ ಗುಂಡಿ ಮುಟ್ಟೇ ಇರಲಿಲ್ಲ. "ಎಂತಕ್ಕೆ ಕೊಟ್ಟಿದ್ದ ಅಂತ ಇವತ್ತು ಗೊತ್ತಾತು" ಅಂದ್ರು.

ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಇಳಿಯುವಾಗ ಮಂಜು ಮುಸುಕಿದ್ರೆ ಹೈ ಬೀಮ್ ಹಾಕಬೇಡಿ. ಮಂಜಿನ ಹನಿಗಳು ಬೆಳಕನ್ನ ನಿಮ್ಮ ಕಣ್ಣಿಗೇ ವಾಪಸ್ ಚೆಲ್ಲುತ್ತೆ, ಎದುರು ಬಿಳೀ ಗೋಡೆ ಎದ್ದ ಹಾಗಾಗುತ್ತೆ. ಡಿಪ್ಪಲ್ಲಿ, ನಿಧಾನಕ್ಕೆ, ಬಿಳೀ ಪಟ್ಟೆ ನೋಡ್ತಾ ಇಳೀರಿ. ಅದಕ್ಕೂ ಡಿಪ್ ಸರಿಯಾದ ಕೋನದಲ್ಲಿ ಇರಬೇಕು.

ಲೆಕ್ಕ ಹೇಳಿ ಮುಗಿಸ್ತೀವಿ. ಬೋಲ್ಟ್ ಬಿಚ್ಚಿ ಹಾಕೋಕೆ ಒಂದೂವರೆ ಗಂಟೆ, ಗೋಡೆಗೆ ಹದಿನೈದು ನಿಮಿಷ, ಪೈಪಲ್ಲಿ ಮಟ್ಟ ನೋಡೋಕೆ ಇನ್ನೊಂದು ಹತ್ತು. ಬೋಲ್ಟಿನ ಕೆಲಸ ನಾವು ನಮಗೋಸ್ಕರ ಮಾಡಿದ್ದು. ಗೋಡೆಯ ಕೆಲಸ ಎದುರು ಬರೋರಿಗೋಸ್ಕರ. ಮೊದಲನೇದನ್ನ ಮಾಡಿ ಎರಡನೇದನ್ನ ಬಿಟ್ರೆ ಏನಾಗುತ್ತೆ ಅಂತ ನಮಗೆ ಗೊತ್ತು.

ಮಾರನೇ ಸಂಜೆ ಅದೇ ರಸ್ತೆಯಲ್ಲಿ ಮತ್ತೆ ಹೋದ್ವಿ. ಎದುರು ಬಂದ ಬೈಕು, ಬಸ್ಸು, ಯಾರೂ ನಮಗೆ ಲೈಟ್ ಹೊಡೆದು ಬೈಯಲಿಲ್ಲ. ಸ್ಕೂಟರ್ ಯಜಮಾನರು ಮಾತ್ರ ಸಿಗಲಿಲ್ಲ. ಕಾನಸೂರಲ್ಲಿ ಚಹಾ ಕುಡಿದು ಸ್ವಲ್ಪ ಹೊತ್ತು ಕಾದು ವಾಪಸ್ ಬಂದ್ವಿ. ಸಂಕ್ರಾಂತಿ ರಜೆಗೆ ಹೋದಾಗ ಮತ್ತೆ ನೋಡಬೇಕು. ಅಲ್ಲಿಗೆ ಹೋಗೋಕೆ ಮುಂಚೆ ಇನ್ನೊಂದು ಕೆಲಸ ಇದೆ: ಹಾಸ್ಟೆಲ್ ಪಾರ್ಕಿಂಗಿನ ಹಿಂದಿನ ಗೋಡೆ ಬೆಳ್ಳಗಿದೆ, ಎದುರು 10 ಮೀಟರಿಗಿಂತ ಹೆಚ್ಚು ಜಾಗ ಇದೆ, ನೆಲವೂ ಸಮ. ಬರೋ ಶನಿವಾರ ಸಂಜೆ ಸೀಮೆಸುಣ್ಣ, ಟೇಪು, ನೀರಿನ ಪೈಪು ಹಿಡ್ಕೊಂಡು ನಾವು ಅಲ್ಲೇ ಇರ್ತೀವಿ. ಬೈಕ್ ಆಗಲಿ ಕಾರ್ ಆಗಲಿ, ತಗೊಂಡು ಬನ್ನಿ.